ಕರಜಗಿ ಕೆರೆಯ ನೀಲಿಹಸಿರು ನೀರು

ಎಲ್ಲರಿಗೂ ಶರಣು. ವೇದಿಕೆಯ ಮೇಲಿರುವ ಪ್ರಾಚಾರ್ಯರಿಗೆ, ಮುಂಜಾನೆಯ ಎಸ್‌ಟಿ ಬಸ್ಸು ಹಿಡಿದು ಕರಜಗಿಯಿಂದ ಅಕ್ಕಲಕೋಟೆಗೆ ಬಂದಿರುವ ಹಿರಿಯರಿಗೆ, ಸೊಲ್ಲಾಪುರದಿಂದ ಬಂದ ಹಳೆಯ ವಿದ್ಯಾರ್ಥಿಗಳಿಗೆ — ಮತ್ತು ಮುಂದಿನ ಸಾಲಿನಲ್ಲಿ ಕುಳಿತಿರುವ ಶೈಲಶ್ರೀ ಮೇಡಂ ಅವರ ತಾಯಿ ಗಿರಿಜಾಬಾಯಿ ಅವರಿಗೆ, ಪತಿ ಗುರುನಾಥ ಅವರಿಗೆ, ಮಗಳು ಪೂನಮಳಿಗೆ — ಕೈಮುಗಿಯುತ್ತೇನೆ. ಹೋದ ಮಂಗಳವಾರ ಕಾಲೇಜಿಗೆ ಹೊರಟು ನಿಂತ ಮೇಡಂ ಬಾಗಿಲಲ್ಲೇ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಐವತ್ತೊಂದು ವರ್ಷ. ಅಷ್ಟೇ.

ನಾನು ಸೋಮೇಶ. ಈ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮೇಡಂ ಸಸ್ಯಶಾಸ್ತ್ರ. ಹದಿನಾರು ವರ್ಷ ನಮ್ಮಿಬ್ಬರ ಪ್ರಯೋಗಾಲಯಗಳ ನಡುವೆ ಒಂದೇ ಗೋಡೆ.

ಮೇಡಂ ಅವರ ಜೀವವೆಲ್ಲ ಪಾಚಿಯಲ್ಲಿತ್ತು. ನಾವು ಜಾರಿ ಬಿದ್ದಾಗ ಬೈಯುತ್ತೇವಲ್ಲ — ಅದೇ ಪಾಚಿ, ಶೇವಾಳ. ಪ್ರತಿ ವರ್ಷ ಹೊಸ ತರಗತಿಗೆ ಮೊದಲ ದಿನ ಹೇಳುತ್ತಿದ್ದರು: "ಉಸಿರು ಎಳ್ಕೋರಿ. ಇನ್ನೊಮ್ಮಿ ಎಳ್ಕೋರಿ. ಈ ಎರಡರಾಗ ಒಂದು ಉಸಿರು ನೀರಾಗಿನ ಪಾಚಿ ಕೊಟ್ಟದ್ದು." ಕೆರೆಯ ಹುಳು ಪಾಚಿಯನ್ನು ತಿನ್ನುತ್ತದೆ, ಹುಳುವನ್ನು ಮೀನು ತಿನ್ನುತ್ತದೆ, ಮೀನನ್ನು ಕೊಕ್ಕರೆ ತಿನ್ನುತ್ತದೆ. ಪಾಚಿ ಇಲ್ಲದ ಕೆರೆ ಬರೀ ನೀರು ತುಂಬಿದ ತಗ್ಗು ಎನ್ನುತ್ತಿದ್ದರು.

ಕಾಲೇಜಿನ ಮಾಳಿಗೆಯ ಮೇಲೆ ಅವರು ತೊಟ್ಟಿಗಳನ್ನು ಇಟ್ಟಿದ್ದರು. ವಸತಿಗೃಹದ ಬಚ್ಚಲ ನೀರಲ್ಲಿ ಪಾಚಿ ಬೆಳೆಸಿ, ಸೆಗಣಿಯ ಜೊತೆ ಕಲಸಿ, ಗೋಬರ್ ಗ್ಯಾಸಿನ ಗುಂಡಿಗೆ ಹಾಕಿದರು. ಮೊದಲ ಸಲ ಒಲೆ ಹೊತ್ತಿಕೊಂಡಾಗ — ಇಷ್ಟೇ ಎತ್ತರದ ನೀಲಿ ಉರಿ — ಮೇಡಂ ಅದರ ಮೇಲೆ ಚಹಾ ಮಾಡಿ ಎಲ್ಲರಿಗೂ ಕೊಟ್ಟರು. ಸಕ್ಕರೆ ಹಾಕುವುದನ್ನೇ ಮರೆತಿದ್ದರು. ಎಲ್ಲರೂ ಲೋಟ ಬರಿದು ಮಾಡಿದೆವು.

ಆ ಉರಿಯನ್ನು ನೋಡಲು ಕರಜಗಿಯ ಸರಪಂಚರು, ಇಲ್ಲೇ ಕುಳಿತಿರುವ ಅಮೃತಪ್ಪನವರು ಬಂದರು. "ಬಾಯಾರ, ನಮ್ಮ ತಲಾವದಾಗ ಇದs ತುಂಬ್ಯದ. ಎಷ್ಟರ ಒಯ್ರಿ, ನಮ್ಮ ಊರಾಗ ಗ್ಯಾಸ್ ಮಾಡ್ರಿ" ಎಂದರು. ಕಾಲೇಜಿಗೆ ಹಿಗ್ಗೋ ಹಿಗ್ಗು. ಕೆರೆಯ ದಂಡೆಯ ಮೇಲೆ ಗ್ಯಾಸ್ ಘಟಕದ ಉದ್ಘಾಟನೆ ಎಂದು ದಿನ ಗೊತ್ತಾಯಿತು, ಪತ್ರಿಕೆಯಲ್ಲಿ ಬಂತು. ಎರಡು ವರ್ಷದ ಹಿಂದಿನ ಮೇ ತಿಂಗಳು, ಶುಕ್ರವಾರ.

ಗುರುವಾರ ಬೆಳಿಗ್ಗೆ ಮೇಡಂ ನೀರಿನ ಮಾದರಿ ತರಲು ಒಬ್ಬರೇ ಹೋದರು. ಹತ್ತು ಗಂಟೆಗೆ ನನಗೆ ಫೋನ್.

"ಸೋಮೇಶ ಸರ್, ಇದು ನಮ್ಮ ಪಾಚಿ ಅಲ್ರಿ."

ಗಾಳಿಯು ಕೆರೆಯ ಕೆನೆಯನ್ನೆಲ್ಲ ಮೂಡಣ ದಂಡೆಗೆ ತಳ್ಳಿತ್ತಂತೆ. ಬಣ್ಣದ ಡಬ್ಬಿ ಸುರಿದ ಹಾಗೆ ನೀಲಿಹಸಿರು. ಸಣ್ಣ ಸೂಕ್ಷ್ಮದರ್ಶಕವನ್ನು ಕಾರಿನ ಬಾನೆಟ್ ಮೇಲಿಟ್ಟು ನೋಡಿದ್ದರು. ಹೆಸರಿಗೆ ನೀಲಿಹಸಿರು ಪಾಚಿ, ಕುಲದಲ್ಲಿ ಬ್ಯಾಕ್ಟೀರಿಯಾ.

"ಈ ಜಾತಿ ವಿಷ ಬಿಡಬಹುದ್ರಿ. ದನಾ ಇಳಿಯೋ ದಂಡಿನೂ ಇದs."

ಬಹುದು — ಆ ಒಂದು ಮಾತನ್ನು ನಾನು ಹಿಡಿದುಕೊಂಡೆ. "ಬಹುದು ಅಂದರೆ ಖಾತ್ರಿ ಇಲ್ಲ. ಮಾದರಿಯನ್ನು ಪುಣೆಗೆ ಕಳಿಸೋಣ, ಎಂಟು ದಿನದಲ್ಲಿ ವರದಿ ಬರುತ್ತದೆ. ನಾಳೆ ಕಾರ್ಯಕ್ರಮ ಇದೆ ಮೇಡಂ" ಎಂದೆ.

ಅವರು ಹೇಳಿದ್ದು ಇವತ್ತಿಗೂ ಈ ಕಿವಿಯಲ್ಲಿದೆ: "ದನಾ ಕುಡದು ಸತ್ತ ಮ್ಯಾಲೆ ಖಾತ್ರಿ ಮಾಡ್ಕೊಳ್ಳೋದೇನ್ರಿ?"

ಫೋನ್ ಇಟ್ಟುಬಿಟ್ಟರು. ದನಗಳು ಇಳಿಯುವ ದಾರಿಗೆ ಅಡ್ಡಲಾಗಿ ಕಾರು ನಿಲ್ಲಿಸಿದರು. ಆ ಬಿಸಿಲಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಒಬ್ಬ ಹೆಣ್ಣುಮಗಳು. ಎದುರಿಗೆ ನೀರಡಿಸಿದ ಇನ್ನೂರು ದನ, ಕೋಲು ಹಿಡಿದ ಹತ್ತಿಪ್ಪತ್ತು ಮಂದಿ. ಅಮೃತಪ್ಪನವರು ಸಿಟ್ಟಿಗೆದ್ದಿದ್ದರು.

"ಪಾಚಿ ಅಂದ್ರ ಬಂಗಾರ ಅಂತ ನೀವs ಹೇಳಿದ್ರಿ. ಇವತ್ತ ವಿಷ ಅಂತೀರಿ. ಯಾವುದು ಖರೇ?"

"ಎರಡೂ ಖರೇ ಅದ ಅಣ್ಣಾರ. ನಿಮ್ಮ ಕೈ ಮುಗಿತೀನಿ, ಇವತ್ತ ಒಂದ ದಿನ ಬಾವಿ ನೀರು ಕುಡಸ್ರಿ."

ಅಮೃತಪ್ಪನವರು ಒಪ್ಪುವುದರಲ್ಲಿದ್ದರು. ದನ ತಿರುಗಿಸಲು ಕೈ ಎತ್ತಿದ್ದರು. ಆಗ ಅವರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

ಕೂತಿರುವವರಲ್ಲಿ ಬಹಳ ಜನರಿಗೆ ಇದು ಗೊತ್ತಿಲ್ಲ. ಕರಜಗಿಯಿಂದ ಬಂದಿರುವ ಲಕ್ಷ್ಮೀಬಾಯಿ ಅವರೇ, ನಿಮಗೂ ಗೊತ್ತಿಲ್ಲ. ಆ ಫೋನ್ ಮಾಡಿದವನು — ನಾನು.

"ಸರಪಂಚರೇ, ಮೇಡಂ ಸ್ವಲ್ಪ ಅವಸರ ಮಾಡುತ್ತಿದ್ದಾರೆ. ವರದಿ ಬರಲಿ. ಗಾಬರಿಯಾಗಬೇಡಿ" — ಇಷ್ಟೇ ಹೇಳಿದೆ. ನನಗೆ ಕೆರೆ ಕಾಣುತ್ತಿರಲಿಲ್ಲ. ಮರುದಿನದ ಚಪ್ಪರ ಕಾಣುತ್ತಿತ್ತು, ಬರುವ ಅತಿಥಿಗಳು ಕಾಣುತ್ತಿದ್ದರು.

ಎತ್ತಿದ ಕೈ ಕೆಳಗೆ ಇಳಿಯಿತು. ಮಂದಿ ಕಾರಿನ ಪಕ್ಕದ ಜಾಲಿ ಕಡಿದು ದಾರಿ ಮಾಡಿದರು. ಮೊದಲು ಮೂರು ಎಮ್ಮೆ ಇಳಿದವು. ಮೇಡಂ ಓಡಿ ಹೋಗಿ ಮೊಣಕಾಲಿನ ತನಕ ನೀರಲ್ಲಿ ನಿಂತು, ಬರಿಗೈಯಲ್ಲಿ ಉಳಿದವನ್ನು ಅಟ್ಟಿದರು. ಆದರೆ ಆ ಮೂರು ಕುಡಿದಾಗಿತ್ತು. ಮಧ್ಯಾಹ್ನ ಒಂದು ಎಮ್ಮೆ ತೂರಾಡಿ ಮೊಣಕಾಲೂರಿತು. ಸಂಜೆಯೊಳಗೆ ಸತ್ತಿತು. ಅದು ಲಕ್ಷ್ಮೀಬಾಯಿ ಅವರ ಎಮ್ಮೆ. ಉಳಿದ ಎರಡು ಹೇಗೋ ಬದುಕಿದವು.

ಮರುದಿನ ಅದೇ ಚಪ್ಪರದಲ್ಲಿ, ಅತಿಥಿಗಳ ಎದುರು ಮೇಡಂ ಎದ್ದು ನಿಂತು, "ಇವತ್ತ ಉದ್ಘಾಟನೆ ಇಲ್ರಿ, ಈ ತಲಾವ ಜಡ್ಡಿಗಿ ಬಿದ್ದದ" ಎಂದರು. ಆ ನೀರು ತಾಗಿದ ಅವರ ಕೈಗೆ, ಕಾಲಿಗೆ ಬೊಬ್ಬೆ ಎದ್ದಿದ್ದವು.

ಮುಂದೆ ಅವರು ಮಾಡಿದ್ದನ್ನು ಊರು ಬಲ್ಲದು. ಹೊಲದ ಗೊಬ್ಬರ, ಊರ ಗಟಾರ — ಇವೆರಡೂ ಕೆರೆಗೆ ಸೇರಿ ಆ ವಿಷವನ್ನು ಬೆಳೆಸಿದ್ದವು. ಗಟಾರದ ಬಾಯಿಗೆ ಐದು ತೆಳು ಹೊಂಡ ತೋಡಿಸಿ, ಅಲ್ಲಿ ಒಳ್ಳೆಯ ಪಾಚಿ ಬೆಳೆಸಿದರು. ಹೊಲಸಿನ ಸಾರವನ್ನೆಲ್ಲ ಆ ಪಾಚಿ ಉಂಡು, ಕೆರೆಗೆ ತಿಳಿನೀರು ಬಿಟ್ಟಿತು. ಬೆಳೆದ ಪಾಚಿ ಸೆಗಣಿಯ ಜೊತೆ ಗುಂಡಿಗೆ ಹೋಯಿತು. ಇವತ್ತು ಕರಜಗಿಯಲ್ಲಿ ಹದಿನಾಲ್ಕು ಮನೆಯ ಒಲೆ ಅದರಿಂದ ಉರಿಯುತ್ತದೆ. ಮೊದಲನೆಯದು ಲಕ್ಷ್ಮೀಬಾಯಿ ಅವರದು.

ಎರಡು ತಿಂಗಳು ನಾನು ಮೇಡಂ ಎದುರು ತಲೆ ಎತ್ತಲಿಲ್ಲ. ಕೊನೆಗೆ ಒಂದು ದಿನ ಹೋಗಿ ಹೇಳಿಬಿಟ್ಟೆ — ಆ ಫೋನ್ ನನ್ನದು ಎಂದು.

ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ಗೊತ್ತದ್ರಿ. ಅಮೃತಪ್ಪಣ್ಣಾರ ಮಗ್ಗಲದಾಗ ನಿಂತಿದ್ದೆ. ನಿಮ್ಮ ಧ್ವನಿ ಕೇಳಿಸ್ತು."

"ಎರಡು ತಿಂಗಳು ಏನೂ ಅನ್ನಲಿಲ್ಲವಲ್ಲ ಮೇಡಂ?"

ಆಗ ತಲೆ ಎತ್ತಿದರು. "ಅಂದ್ರ ಎಮ್ಮಿ ಎದ್ದು ಬರ್ತಿತ್ತೇನ್ರಿ? ನಾಳಿಂದ ಪ್ರತಿ ಸೋಮವಾರ ಕೆರಿ ನೀರು ನೀವs ತರ್ರಿ. ನೀವs ನೋಡ್ರಿ. ನೀವs ಸಹಿ ಮಾಡ್ರಿ."

ನನ್ನನ್ನು ಅವರು ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಲಸ ಕೊಟ್ಟರು. ಲಕ್ಷ್ಮೀಬಾಯಿ ಅವರೇ, ನಿಮ್ಮ ಎದುರು ತಪ್ಪೊಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ನೀವು ಏನಂದರೂ ಕೇಳುತ್ತೇನೆ.

ಇನ್ನೊಂದು ಮಾತಿದೆ — ದಯವಿಟ್ಟು ಒಂದು ನಿಮಿಷ.

ಮೊನ್ನೆ ಸೋಮವಾರವೂ ನೀರು ತಂದೆ. ಮೇಡಂ ಇಲ್ಲದ ಮೊದಲ ಸೋಮವಾರ. ಈ ಸಲ ಬಿಸಿಲು ಬೇಗ ಏರಿದೆ, ಕೆರೆಯ ನೀರು ತಳಕ್ಕಿಳಿದಿದೆ. ನಿನ್ನೆ ಹಗಲೆಲ್ಲ ಮೂರು ಸಲ ನೋಡಿದೆ. ಇವತ್ತು ಬೆಳಿಗ್ಗೆ ಮತ್ತೊಮ್ಮೆ ನೋಡಿದೆ. ಮೂಡಣ ದಂಡೆಯ ನೀರಲ್ಲಿ ಆ ಜಾತಿ ಮತ್ತೆ ಬಂದಿದೆ. ಇನ್ನೂ ಕಣ್ಣಿಗೆ ಕಾಣುವಷ್ಟಿಲ್ಲ. ವಿಷ ಇರಬಹುದು, ಇಲ್ಲದಿರಬಹುದು. ಮಾದರಿ ಪುಣೆಗೆ ಹೋಗಿದೆ. ವರದಿ ಬಂದಿಲ್ಲ.

ನಾನು ವರದಿಗೆ ಕಾಯುವುದಿಲ್ಲ. ಸಹಿ ಮಾಡಿದ್ದೇನೆ — ಇಗೋ, ಈ ಕಾಗದ. ಕರಜಗಿಯ ಮಂದಿಗೆ ಈ ವೇದಿಕೆಯಿಂದಲೇ ಹೇಳುತ್ತೇನೆ: ಇವತ್ತಿನಿಂದ ಆ ದಂಡೆಗೆ ಒಂದು ಕರುವೂ ಇಳಿಯಬಾರದು. ನನ್ನ ಮಾತು ಸುಳ್ಳಾದರೆ ನಾಳೆ ಬಂದು ನಗಿ, ತಡೆದುಕೊಳ್ಳುತ್ತೇನೆ.

ಅಮೃತಪ್ಪನವರೇ, ನೀವು ಎದ್ದು ನಿಂತಿರಿ — ಹೇಳಿ. ಮೈಕ್ ಬೇಡ, ಕೇಳಿಸುತ್ತದೆ.

... ಹಿಂದಿನವರಿಗೆ ಕೇಳಿಸಲಿಲ್ಲವೇನೋ. ಸರಪಂಚರು ಹೇಳಿದ್ದು ಇಷ್ಟು: "ಈಗ ಊರಿಗಿ ಫೋನ್ ಮಾಡೀನಿ. ದಂಡಿಗಿ ಮುಳ್ಳಿನ ಬೇಲಿ ಬಡೀತಾರ." ಲಕ್ಷ್ಮೀಬಾಯಿ ಅವರೂ ಎದ್ದಿದ್ದಾರೆ. ಏನೂ ಹೇಳುತ್ತಿಲ್ಲ. ಆದರೆ ಎದ್ದಿದ್ದಾರೆ.

ಉಳಿದವರೂ ಎದ್ದೇಳಿ. ಗಿರಿಜಾಬಾಯಿ ಅವರೇ, ನೀವು ಕೂತೇ ಇರಿ ತಾಯಿ. ಶೈಲಶ್ರೀ ಮೇಡಂ ಅವರಿಗಾಗಿ ಎರಡು ನಿಮಿಷ — ಯಾರೂ ಮಾತಾಡುವುದು ಬೇಡ.