ಶಿವರುದ್ರಮ್ಮನ ಗೆರೆ

ಬೋರನಕಣಿವೆಯ ಕಡೆಯಿಂದ ಮಧ್ಯಾಹ್ನ ಮೂರಕ್ಕೇ ಎದ್ದು ಬಂದ ಮೋಡ ಕಂದಿಕೆರೆಯ ಮೇಲೆ ಠಿಕಾಣಿ ಹೂಡಿತ್ತು. ಸಂಜೆಯಾದರೂ ಕದಲುವ ಲಕ್ಷಣ ಇರಲಿಲ್ಲ. ಕರೆಂಟು ಹೋಗಿತ್ತು. ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದ ಹೆಂಗಸರು ಮಳೆ ಜೋರಾಗುವ ಮೊದಲೇ ಊರು ಸೇರಿಕೊಂಡಿದ್ದರು. ತೋಟದ ಶೆಡ್ಡಿನಲ್ಲಿ ಉಳಿದವರು ನಾಲ್ಕೇ ಜನ: ಎಂಬತ್ತೆರಡು ದಾಟಿದ ಗುರುಶಾಂತಮ್ಮಜ್ಜಿ, ಅವಳ ಮೊಮ್ಮಗ ದಯಾನಂದ, ಅವನ ಹೆಂಡತಿ ಭಾನುಪ್ರಿಯಾ, ಮತ್ತು ಪಂಪಿನ ಮೋಟಾರು ಬಿಚ್ಚಿ ಹರಡಿಕೊಂಡು ಮಳೆಗೆ ಸಿಕ್ಕಿಬಿದ್ದ ಹುಳಿಯಾರಿನ ಮೆಕ್ಯಾನಿಕ್ ಬಿಲಾಲ್. ದಯಾನಂದನ ಆರು ವರ್ಷದ ಮಗಳು ಇಂಪನಾ ಗೋಣಿಚೀಲಗಳ ಮೇಲೆ ಒಳ್ಳೆ ನಿದ್ದೆಯಲ್ಲಿದ್ದಳು. ಅವಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಭಾನು ಚಿಪ್ಪು ತುಂಬಿದ ಒಂದು ಚೀಲಕ್ಕೆ ಒರಗಿ ಕೂತಿದ್ದಳು. ಬೆಳಗಿನಿಂದ ಅವಳು ಆ ಚೀಲದ ಹತ್ತಿರ ಯಾರನ್ನೂ ಬಿಟ್ಟಿರಲಿಲ್ಲ. ಅದರೊಳಗೆ ಅವಳೇ ತುರುಕಿದ ಒಂದು ಅಣಬೆಯಿತ್ತು, ಊಟದ ತಟ್ಟೆಯಷ್ಟು ಅಗಲದ್ದು, ಮರದಷ್ಟೇ ಗಟ್ಟಿ.

ತೆಂಗಿನ ಬುಡದಲ್ಲಿ ಇಂಥ ಅಣಬೆ ಮೂಡಿತೆಂದರೆ ಮರ ಒಳಗೇ ತೀರಿಕೊಂಡಿದೆ ಎಂದು ಅರ್ಥ. ಅದನ್ನು ಕಡಿದು, ಬೊಡ್ಡೆ ಕಿತ್ತು ಸುಟ್ಟು, ರೋಗ ಬೇರಿನಿಂದ ಬೇರಿಗೆ ದಾಟದಂತೆ ನಡುವೆ ಆಳವಾಗಿ ಅಗಳು ತೋಡಬೇಕು. ಈ ಸೀಮೆಯ ಮಕ್ಕಳಿಗೂ ಇದು ಗೊತ್ತು. ಆದರೆ ಭಾನು ಬೆಳಿಗ್ಗೆ ಅಣಬೆ ಕಂಡಿದ್ದು ಇಂಪನಾಳ ಮರದಲ್ಲಿ. ಬಾಣಂತನ ಮುಗಿಸಿ ತುರುವೇಕೆರೆಯ ತವರಿನಿಂದ ಬರುವಾಗ ಮಗಳ ಒಣಗಿದ ಹೊಕ್ಕುಳಬಳ್ಳಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದು, ಮನೆಯಿಂದ ಐದನೆಯ ಆ ಮರದ ಬುಡದಲ್ಲಿ ಅವಳೇ ಹೂತಿದ್ದಳು. ಹೋದ ವರ್ಷ ಮಗು ಜ್ವರದಲ್ಲಿ ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದಾಗ ಇಲ್ಲಿ ಆ ಮರದ ಹಸಿರು ಗರಿ ಎರಡು ಮುರಿದು ಬಿದ್ದಿದ್ದವು. ಮರ ಕಡಿದರೆ ಮಗಳಿಗೇನಾದೀತೋ ಎಂಬ ದಿಗಿಲು ಅಂದಿನಿಂದ ಅವಳ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ದಯಾನಂದ ನೋಡಿದರೆ ಒಂದು ಗಳಿಗೆಯೂ ತಡೆಯುವುದಿಲ್ಲವೆಂದು ಗೊತ್ತಿದ್ದೇ ಅವಳು ಅಣಬೆಯನ್ನು ಮುರಿದು ಬಚ್ಚಿಟ್ಟಿದ್ದಳು.

ಮುರಿದಾಗ ಅದರ ಬಿಳಿಯ ಅಡಿಭಾಗದಲ್ಲಿ ಒಂದು ಚಿತ್ರ ಕಂಡಿತ್ತು. ಸಾಲು ಮರಗಳು, ಅವುಗಳ ಕೆಳಗೆ ಜಡೆ ಬಿಚ್ಚಿದಂತೆ ಹರಡಿದ ಬೇರು, ಬೇರುಗಳ ನಡುವೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಹೆಂಗಸು, ಕೊನೆಯಲ್ಲೊಂದು ಪುಟ್ಟ ಮನೆ. ಮರಗಳ ನಡುವೆ ಹಾದುಹೋದ ಒಂದು ಕೆಂಪು ಗೆರೆ. ಗೆರೆಗೂ ಮನೆಗೂ ಮಧ್ಯೆ ನಾಲ್ಕು ಮರ. ಇಂಪನಾ ಕಡ್ಡಿಯಲ್ಲಿ ಗೀಚಿದ್ದಾಳೆ, ಅಮ್ಮನನ್ನೂ ತನ್ನನ್ನೂ ಬರೆದಿದ್ದಾಳೆ ಎಂದುಕೊಂಡಳು ಭಾನು. ಇಂಪನಾಳ ಮರಕ್ಕೂ ಅಂಗಳಕ್ಕೂ ನಡುವೆ ನಿಜಕ್ಕೂ ಇದ್ದದ್ದು ನಾಲ್ಕೇ ಮರ. ಮಗಳಿಗೆ ಲೆಕ್ಕ ಬರುತ್ತದೆ ಎಂದು ಆ ಸಂಕಟದಲ್ಲೂ ಅವಳಿಗೆ ನಗು ಬಂದಿತ್ತು.

"ಅಜ್ಜಿ, ಮಳೆ ನಿಲ್ಲೋ ತನಕ ಒಂದು ಕತೆನಾದ್ರೂ ಹೇಳಿ. ದೆವ್ವದ್ದೇ ಇರ್ಲಿ," ಎಂದ ಬಿಲಾಲ್, ಕೈಗಂಟಿದ ಗ್ರೀಸು ಒರೆಸಿಕೊಳ್ಳುತ್ತ.

ಗುರುಶಾಂತಮ್ಮಜ್ಜಿ ಕುಟ್ಟಾಣಿಗೆ ಎಲೆ ಅಡಿಕೆ ಹಾಕಿ ನಿಧಾನವಾಗಿ ಕುಟ್ಟಿದಳು. ಅವಳು ಭಾನುವನ್ನೊಮ್ಮೆ ನೋಡಿದಳು, ಭಾನು ಒರಗಿದ್ದ ಚೀಲವನ್ನೊಮ್ಮೆ ನೋಡಿದಳು. ಆಮೇಲೆ ಶುರುಮಾಡಿದಳು.

"ದೆವ್ವ ಅನ್ಬ್ಯಾಡ ಕಣಪ್ಪ, ಅವ್ಳು ನಮ್ಮಕ್ಕ. ನನ್ ಓರಗಿತ್ತಿ ಶಿವರುದ್ರಮ್ಮ. ಶೆಟ್ಟಿಕೆರೆಯಿಂದ ಈ ಮನೆಗೆ ಹಿರಿ ಸೊಸೆಯಾಗಿ ಬಂದೋಳು. ಮಾತು ಕಮ್ಮಿ, ಕೈ ಮಾತ್ರ ಸುಮ್ನಿರ್ತಿರ್ಲಿಲ್ಲ. ಮೊದ್ಮೊದ್ಲು ಗೋಡೆ ಮ್ಯಾಲೆ ಕೆಮ್ಮಣ್ಣು, ಸುಣ್ಣ ಬಳ್ದು ಬರೀತಿದ್ಲು. ಆಮೇಲೆ ಅಕ್ಕಪಕ್ಕದ ತೋಟದಾಗೆ ಸತ್ತ ತೆಂಗಿನ ಬುಡದ ಅಣಬೆ ಸಿಕ್ತು ನೋಡು... ಅದ್ರ ಅಡಿ ಬೆಳ್ಳಗಿರ್ತದಲ್ಲ, ಜಾಲಿ ಮುಳ್ಳಿನಾಗೆ ಗೀರಿದ್ರೆ ಗೀರಿದ್ ಕಡೆ ಕಂದು ತಿರುಗ್ತದೆ, ಒರೆಸಿದ್ರೂ ಹೋಗಲ್ಲ. ಅದ್ಕೆ ಕೆಮ್ಮಣ್ಣು, ಅರಿಶಿನ, ಸುಟ್ಟ ಚಿಪ್ಪಿನ ಮಸಿ, ಎಲ್ಲಾ ಸೇರಿಸಿ ಬಣ್ಣ ತುಂಬೋಳು. ಏನ್ ಬರೀತಿದ್ಲು ಗೊತ್ತಾ? ನಾವ್ ನೀವ್ ಕಾಣೋ ಮರ ಅಲ್ಲ. ನೆಲದ ಕೆಳಗಿನ ಮರ! ಬೇರೆಲ್ಲಾ ಶಿವನ ಜಡೆ ಇದ್ದಂಗೆ, ಆ ಜಡೆ ಗಂಟಿನಾಗೆ ರಾಗಿ ಕಾಳಷ್ಟು ಲಿಂಗ, ಮ್ಯಾಲೆ ಸತ್ತಿಗೆ ಹಿಡಿದಂಗೆ ಅಣಬೆ, ಸಾಲಾಗಿ ಕೂತ ಶರಣರಿದ್ದಂಗೆ ತೋಟ... ನೋಡ್ತಾ ಕೂತ್ರೆ ಎದ್ದು ಬರಕ್ಕೆ ಮನಸ್ಸಾಗ್ತಿರ್ಲಿಲ್ಲ. ತಿಪಟೂರಿಂದ ಹನುಮಂತರಾಜು ಅಂತ ಡ್ರಾಯಿಂಗ್ ಮೇಷ್ಟ್ರು ಒಬ್ರು ಬಂದು ನೋಡಿ, 'ಅಮ್ಮಾ, ಇವನ್ನೆಲ್ಲಾ ದೊಡ್ ಊರಿನಾಗೆ ಪ್ರದರ್ಶನಕ್ಕೆ ಇಡಾನ, ಕೊಡಿ' ಅಂದ್ರು. ಇವ್ಳು, 'ನಾನು ಬರ್ದಿದ್ರೆ ಕೊಡ್ತಿದ್ದೆ ಸ್ವಾಮಿ, ಕಂಡಿದ್ದನ್ನ ಹೆಂಗೆ ಕೊಡ್ಲಿ' ಅಂದ್ಬುಟ್ಲು. ಪಾಪ, ಮೇಷ್ಟ್ರು ಕಾಫಿ ಕುಡ್ಕಂಡು ಬಸ್ ಹತ್ತಿದ್ರು."

ಬಿಲಾಲ್ ನಕ್ಕ. ಅಜ್ಜಿ ನಗಲಿಲ್ಲ.

"ಅವ್ಳಿಗೊಬ್ಬ ಮಗ ಇದ್ದ, ತಿಲಕ ಅಂತ. ಮೂರು ವರ್ಷ ತುಂಬಿತ್ತು ಅಷ್ಟೆ... ಹೋಗ್ಬುಟ್ಟ. ಏಳನೇ ಸಾಲಿನಾಗೊಂದು ಮರ ಇತ್ತು, ಅದ್ರ ಬುಡದಾಗೇ ಮಣ್ಣು ಮಾಡಿದ್ವಿ. ಅಕ್ಕ ಅಳ್ಲಿಲ್ಲ. ದಿನಾ ಕೆಲಸ ಮುಗಿಸ್ಕಂಡು ಹೋಗಿ ಆ ಮರಕ್ಕೆ ಒರಗಿ ಕೂತ್ಕಂಬೋಳು. 'ನನ್ ಮಗ ಇದ್ರಾಗವ್ನೆ ಕಣೇ ಶಾಂತಿ, ಎಳನೀರಿನಾಗೆ ಅವ್ನ ಉಸಿರು ಕೇಳ್ತದೆ' ಅಂತ ನನ್ನ ಕೈ ಹಿಡ್ಕಂಡು ಒಂದ್ಸಲ ಹೇಳಿದ್ಲು. ನಾನೇನು ಹೇಳ್ಲಿ? ಹೂಂ ಅಂದೆ.

"ಆಮೇಲೆ ನಮ್ ತೋಟಕ್ಕೂ ಅಣಬೆ ರೋಗ ಬಂತು. ಈ ರೋಗದ ಕಿತಾಪತಿ ಏನಪ್ಪ ಅಂದ್ರೆ, ಮ್ಯಾಲೆ ಹಸಿರಾಗೇ ಕಾಣ್ತದೆ, ಕೆಳಗೆ ಎಲ್ಲೀ ಗಂಟ ಹೋಗೈತೆ ಅಂತ ಯಾರಿಗೂ ತಿಳಿಯಲ್ಲ. ಅಗಳು ತೋಡ್ಬೇಕು ಸರಿ, ಎಲ್ಲಿ ತೋಡ್ಬೇಕು? ಒಂದು ಮರ ಆಚೀಚೆ ಆದ್ರೂ ಮಾಡಿದ್ದೆಲ್ಲಾ ನೀರಿನಾಗೆ ಹೋಮ ಮಾಡ್ದಂಗೆ. ನಮ್ ಬಾವ ಬೆಟ್ಟಸ್ವಾಮಿ ಹೆಂಡ್ತಿ ಮುಂದೆ ಬಂದು ನಿಂತ್ರು. ಅಂಥಾ ಗತ್ತಿನ ಮನುಷ್ಯ, ಕಣ್ಣಾಗೆ ನೀರು. 'ನಿಂಗೆ ನೆಲದ ಕೆಳಗಿಂದು ಕಾಣ್ತದಲ್ಲ, ಒಂದು ಗೆರೆ ಎಳ್ದು ಕೊಡೇ, ತೋಟ ಉಳೀಲಿ' ಅಂದ್ರು.

"ಮೊರದಗಲ ಇತ್ತು ಆ ಅಣಬೆ. ಅದ್ರ ಮ್ಯಾಲೆ ಮೂರು ದಿನ ಕೂತು ಇಡೀ ತೋಟ ಬರೆದ್ಲು. ಕೊನೇಗೆ ಕೆಮ್ಮಣ್ಣಿನಾಗೆ ಗೆರೆ. ನಾನು ಪಕ್ಕದಾಗೇ ದೀಪ ಹಿಡ್ಕಂಡು ಕೂತಿದ್ದೆ. ಗೆರೆ ನೂಲು ಹಿಡಿದಂಗೆ ನೆಟ್ಟಗೆ ಬಂತು... ಬಂತು... ಏಳನೇ ಸಾಲಿಗೆ ಬಂದಾಗ ಅವ್ಳ ಕೈ ನಿಂತೋಯ್ತು. ಆಮೇಲೆ ಆ ಗೆರೆ ಬಿಲ್ಲಿನಂಗೆ ಬಗ್ಗಿ, ಮಗನ ಮರಾನ ಈ ಕಡೆಗೆ, ಉಳಿಯೋ ಕಡೆಗೆ ಹಾಕ್ಕಂಡು ಮುಂದಕ್ಕೆ ಹೋಯ್ತು. 'ಯಾಕೆ ಬಗ್ಗಿತು?' ಅಂದ್ರು ಬಾವ. 'ಬೇರು ಹಂಗೈತೆ' ಅಂದ್ಲು. ಸುಳ್ಳು! ಅವ್ಳು ಹುಟ್ಟಿದ್ಮೇಲೆ ಹೇಳಿದ್ದು ಅದೊಂದೇ ಸುಳ್ಳು. ನಂಗೆ ಗೊತ್ತಾಯ್ತು. ನಾನು ಬಾಯಿ ಬಿಡ್ಲಿಲ್ಲ... ಬಿಡಾಕಾಗ್ತಿತ್ತಾ, ನೀವೇ ಹೇಳಿ?"

ಭಾನುವಿನ ಬೆನ್ನಿಗೆ ಚೀಲದೊಳಗಿನ ಚಿಪ್ಪುಗಳು ಒತ್ತುತ್ತಿದ್ದವು. ಅವಳು ಅಲುಗಾಡದೆ ಕೂತಳು.

"ಗೆರೆ ಮ್ಯಾಲೇ ಅಗಳು ತೋಡಿದ್ರು. ಆಚೆ ಕಡೆ ಅರವತ್ತು ಮರ ಕಡಿದ್ರು. ಮೂರು ವರ್ಷ ಎಲ್ಲಾ ಸುಮ್ಕಿತ್ತು. ಅಷ್ಟರಾಗೆ ಒಂದಿನ ಸಂಜೆ ಅಕ್ಕ ಮಗನ ಮರಕ್ಕೆ ಒರಗಿ ಕೂತೋಳು ಏಳ್ಲಿಲ್ಲ. ಹೋಗಿ ಮುಟ್ಟಿದ್ರೆ ತಣ್ಣಗಾಗಿದ್ಲು. ಮಗನ ಪಕ್ಕದಾಗೇ ಸಮಾಧಿ ಮಾಡಿದ್ವಿ. ಅವ್ಳ ಚಿತ್ರ ಎಲ್ಲಾನೂ ಬಾವ ಅವ್ಳ ಜೊತೇಗೇ ಇಟ್ಟು ಮಣ್ಣು ಮುಚ್ಚಿದ್ರು. ಒಂದೂ ಉಳೀಲಿಲ್ಲ. ಇದನ್ನ ನೆನಪಿಟ್ಕಳಿ... ಒಂದೂ.

"ಮುಂದಿನ ಮಳೆಗಾಲ. ಇಂಥಾದ್ದೇ ಮಳೆ. ಏಳನೇ ಸಾಲಿನ ಆ ಮರದ ಬುಡದಾಗೆ ಅಣಬೆ ಎದ್ದಿತ್ತು. ಮೊದ್ಲು ಕಂಡೋಳು ನಾನೇ. ಕಾಲಿನಾಗೆ ಒದ್ದೆ, ಮುರೀತು, ತಿರುಗಿಸಿದೆ... ಅದ್ರ ಅಡಿಯಾಗೆ ಅಕ್ಕನ ಕೈ ಇತ್ತು ಕಣ್ರಪ್ಪ. ಅದೇ ಜಡೆ, ಅದೇ ಲಿಂಗ, ಅದೇ ತೋಟ. ಗೆರೆ ಮಾತ್ರ ಬಗ್ಗಿರ್ಲಿಲ್ಲ. ನೆಟ್ಟಗೆ, ಮಗನ ಮರಾನ ಆಚೆ ಕಡೆಗೆ ಬಿಟ್ಟು ಹೋಗಿತ್ತು. ಬೇರಿನ ಮಧ್ಯ ಅಕ್ಕ ಕೂತಿದ್ಲು, ತೊಡೆ ಮ್ಯಾಲೆ ತಿಲಕ."

"ಯಾರಾದ್ರೂ ಬೇಕಂತ ಬರ್ದಿರ್ಬೇಕು ಬುಡಿ ಅಜ್ಜಿ," ಎಂದ ಬಿಲಾಲ್.

"ಆ ಅಣಬೆಗೂ ನೆಲಕ್ಕೂ ಮಧ್ಯ ಒಂದು ಬೆರಳು ತೂರ್ತಿರ್ಲಿಲ್ಲ ಕಣಪ್ಪ. ಅದ್ರ ಅಡಿಯಾಗೆ ಯಾರು ಹೋಗಿ, ಯಾವ ಕೈಯಾಗೆ ಬರೀಬೇಕು? ಮೋಟಾರು ಬಿಚ್ಚೋನಲ್ವಾ ನೀನು, ಯೋಚ್ನೆ ಮಾಡು."

ಭಾನುವಿಗೆ ಬೆಳಗಿನದು ನೆನಪಾಯಿತು. ಇಂಪನಾಳ ಮರದ ಅಣಬೆಯೂ ನೆಲಕ್ಕೆ ಕಚ್ಚಿಕೊಂಡೇ ಇತ್ತು. ಅದನ್ನು ಕೀಳಲು ಅವಳು ಕುಡುಗೋಲಿನ ತುದಿಯಿಂದ ಮಣ್ಣು ಕೆರೆಯಬೇಕಾಗಿತ್ತು.

"ನಾನೇನು ಮಾಡ್ದೆ ಅಂತೀರಾ? ಬಚ್ಚಿಟ್ಟೆ! ಬಾವ ನೋಡಿದ್ರೆ ಅಕ್ಕ ಸುಳ್ಳಿ ಅಂತಾರಲ್ಲ, ಊರು ಆಡ್ಕಂತದಲ್ಲ ಅಂತ ಅಟ್ಟದ ಮ್ಯಾಲೆ ಒಣಗಾಕಿದ್ದ ಕಾಯಿ ಮಧ್ಯ ಹೂತಿಟ್ಟೆ. ಮಾರನೇ ದಿನ ಹೊತ್ತು ಮುಳುಗೋ ಹೊತ್ನಾಗೆ ಮನಸ್ಸು ತಡೀದೆ ತೆಗ್ದು ನೋಡ್ತೀನಿ... ಗೆರೆ ಒಂದು ಮರ ಈಚೆ ಬಂದಿತ್ತು. ಹಳೇ ಗೆರೆ ಇದ್ದ ಜಾಗ ಬೆಳ್ಳಗೆ. ಕಣ್ಣಿಗೇನೋ ಮಂಕು ಅಂದ್ಕಂಡೆ. ಮರುದಿನ ಇನ್ನೊಂದು ಮರ. ದಿನಕ್ಕೊಂದು ಮರ, ಎಂಟು ದಿನ! ಒಂಬತ್ತನೇ ದಿನ ತಂದು ಬಾವನ ಮುಂದೆ ಇಟ್ಟೆ. ಅವ್ರು ನೋಡಿದ್ರು. ಕೆಮ್ಮಣ್ಣು ಬೆರಳಿಗೆ ಹತ್ತಿತು, ಹಸಿ ಇತ್ತು. ಗುದ್ಲಿ ತಗಂಡು ಆ ಮಳೇಲೇ ಹೋದ್ರು. ತೋಟ ಉಳೀತು. ಆದ್ರೆ ಉಳೀಬಹುದಾಗಿದ್ದ ಎಂಟು ಮರ ನನ್ ಕೈಯಿಂದ ಹೋದ್ವು. ಬುಡ ಸೀಳಿ ನೋಡಿದ್ರೆ ಎಲ್ಲಾ ಒಳಗೆ ಕೊಳೆತು ಹೋಗಿದ್ವು.

"ನಂಗೆ ಬಾಳ ದಿನ ಒಂದು ಅರ್ಥ ಆಗ್ತಿರ್ಲಿಲ್ಲ. ಮರ ಉಳಿಸ್ಬೇಕು ಅಂತ ಸುಳ್ಳು ಹೇಳಿದೋಳು, ಸತ್ತ ಮ್ಯಾಲೆ ಆ ಮರಾನೇ ಕಡೀರಿ ಅಂತ ಯಾಕೆ ಬಂದ್ಲು? ಈಗ ಗೊತ್ತಾಗ್ತದೆ. ಇರೋವಾಗ ಮಗ ಮರದಾಗವ್ನೆ ಅಂದ್ಕಂಡಿದ್ಲು. ಹೋದ್ಮೇಲೆ ಮಗ ಸಿಕ್ಕಿದ. ಇನ್ನು ಮರ ಯಾಕೆ ಬೇಕು?"

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ಕುಟ್ಟಾಣಿಯನ್ನು ಪಕ್ಕಕ್ಕಿಟ್ಟಳು. ತಗಡಿನ ಮೇಲೆ ಮಳೆ ಒಂದೇ ಸಮ ಸುರಿಯುತ್ತಿತ್ತು.

"ಅವತ್ತಿಂದ ಈ ನಲವತ್ತು ವರ್ಷ ಪ್ರತಿ ಮಳೆಗಾಲ ನಾನು ಮರದ ಬುಡ ನೋಡ್ಕಂಡೇ ಓಡಾಡ್ತೀನಿ. ಈವತ್ತು ಬೆಳಿಗ್ಗೆ ಮಗೀನ ಮರದ ಬುಡದಾಗೆ ಅಣಬೆ ಮುರ್ದಿರೋ ಗಾಯ ಕಂಡೆ. ಅಣಬೆ ಕಾಣ್ಲಿಲ್ಲ." ಅವಳು ಭಾನುವಿನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. "ಬಚ್ಚಿಟ್ಟೋಳು ಹೆಂಗೆ ಕೂತ್ಕಂತಾಳೆ ಅಂತ ನಂಗೆ ಗೊತ್ತು ಮಗಾ, ನಾನೂ ಹಂಗೇ ಕೂತಿದ್ದೆ. ಬೆಳಿಗ್ಗೆ ಗೆರೆಯಿಂದ ಈಚೆ ಎಷ್ಟು ಮರ ಇದ್ವು?"

ಭಾನು ಚೀಲದಿಂದ ಬೆನ್ನು ಎತ್ತಿದಳು. "ನಾಲ್ಕು," ಎಂದಳು.

"ಯಾವ ಅಣಬೆ? ಏನೇ ಇದು?" ಎಂದು ದಯಾನಂದ ಎದ್ದ. ಅವಳು ಚೀಲದ ಬಾಯಿ ಬಿಚ್ಚಿ, ಚಿಪ್ಪು ಸರಿಸಿ, ಅಣಬೆಯನ್ನು ಹೊರಗೆ ತೆಗೆದಳು. ಬಿಲಾಲ್ ಮೊಬೈಲಿನ ಬೆಳಕು ಬಿಟ್ಟ.

ಗೆರೆಗೂ ಮನೆಗೂ ಮಧ್ಯೆ ಇದ್ದದ್ದು ಮೂರು ಮರ.

ಅವಳು ಇನ್ನೊಮ್ಮೆ ಎಣಿಸಿದಳು. ಮೂರೇ. ಬೆಳಿಗ್ಗೆ ಗಾಬರಿಯಲ್ಲಿ ಕಾಣದೆ ಹೋದದ್ದು ಈಗ ಕಂಡಿತು: ಬೇರಿನ ನಡುವಿನ ಹೆಂಗಸಿನ ತೊಡೆಯ ಮೇಲಿದ್ದದ್ದು ಗಂಡು ಮಗು. ಎರಡು ಜಡೆಯ ಹುಡುಗಿಯೊಬ್ಬಳು ಬೇರೆಯೇ ಇದ್ದಳು, ಮರದಿಂದ ದೂರ, ಪುಟ್ಟ ಮನೆಯ ಬಾಗಿಲಲ್ಲಿ ನಿಂತಿದ್ದಳು. ಗೆರೆ ಬರುತ್ತಿದ್ದದ್ದು ಆ ಬಾಗಿಲ ಕಡೆಗೆ. ಭಾನು ಗೋಣಿಚೀಲದ ಮೇಲೆ ಮಲಗಿದ್ದ ಮಗಳನ್ನು ನೋಡಿದಳು, ಅವಳ ಹೊಟ್ಟೆ ಏರಿಳಿಯುವುದನ್ನು ನೋಡಿದಳು. ಆರು ವರ್ಷದಿಂದ ತಾನು ಕಾಯುತ್ತಿದ್ದದ್ದು ಬರೀ ಒಂದು ಮರವನ್ನು ಎಂದು ಅವಳಿಗೆ ಆಗ ತಿಳಿಯಿತು. ಅವಳ ಹೆಬ್ಬೆರಳಿಗೆ ಕೆಮ್ಮಣ್ಣು ಮೆತ್ತಿಕೊಂಡಿತ್ತು.

"ರೀ," ಎಂದಳು ಗಂಡನಿಗೆ. ದನಿ ಅವಳಿಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿತ್ತು. "ಇಂಪನಾ ಮರಕ್ಕೆ ರೋಗ ಬಂದೈತೆ. ಅದ್ರ ಈಚೆ ಮರಕ್ಕೂ ಬಂದೈತೆ. ನಾನು ಮುಚ್ಚಿಟ್ಟೆ, ತಪ್ಪಾಯ್ತು. ಎರಡೂ ಹೋಗ್ಲಿ. ಅಗಳು ಈವತ್ತೇ ಶುರು ಮಾಡಿ, ನಾಳೆಗೆ ಬ್ಯಾಡ."

ದಯಾನಂದ ಅಣಬೆಯನ್ನೂ ಹೆಂಡತಿಯನ್ನೂ ನೋಡಿದ. ಬೈಯಲಿಲ್ಲ. ಮೂಲೆಯಲ್ಲಿದ್ದ ಗುದ್ದಲಿ ತೆಗೆದುಕೊಂಡ. ಬಿಲಾಲ್ ಮೋಟಾರನ್ನು ಹಾಗೇ ಬಿಟ್ಟು ಹಾರೆ ಹಿಡಿದ. ಇಬ್ಬರೂ ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಬಾಗಿಲಿಗೆ ಬಂದಾಗ ದಯಾನಂದ ಅನುಮಾನಿಸಿ ನಿಂತ.

"ಅಜ್ಜಿ, ಕತ್ತಲಾಗ್ತೈತೆ. ಅಳತೆ ಹಗ್ಗ ಎಲ್ಲೈತೆ? ಗುರುತು ಹಾಕ್ಬೇಕಲ್ಲ."

ಗುರುಶಾಂತಮ್ಮಜ್ಜಿ ಮಲಗಿದ್ದ ಮರಿಮಗಳ ಕಾಲಿಗೆ ಕಂಬಳಿ ಹೊದಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹಗ್ಗ ಯಾತಕ್ಲಾ? ಹೋಗಿ ನೋಡು, ನೆಲದ ಮ್ಯಾಲೆ ಆಗ್ಲೇ ಕೆಮ್ಮಣ್ಣಿನ ಗೆರೆ ಬಿದ್ದಿರ್ತದೆ. ಅವತ್ತೂ ಹಂಗೇ ಬಿದ್ದಿತ್ತು. ಎಂಥಾ ಮಳೆಗೂ ಅದು ಅಳಿಸಲ್ಲ... ಅದ್ರ ಮ್ಯಾಲೇ ಅಗೀರಿ. ಒಂಚೂರು ನಿಧಾನ ಕಣ್ಲಾ, ಅಕ್ಕ ಇನ್ನೂ ಎಳೀತಾ ಇರ್ಬೋದು, ಅವ್ಳ ಕೈಗೆ ಗುದ್ಲಿ ತಗಲೀತು."