ದೋಣಿಗೆ ಫ್ಯೂಸು ಹಾಕಿ ಏರಿ ಮೇಲೆ ನಿಂತವರು

ಎಲ್ಲರಿಗೂ ನಮಸ್ಕಾರ. ಪಾವಗಡದ ಕಡೆಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿರುವ ಭೀಮಕ್ಕ, ನಿಮಗೆ ಮೊದಲು ಕೈ ಮುಗಿಯುತ್ತೇನೆ. ನಮ್ಮ ಮೀನುಗಾರರ ಸಂಘದ ಅಧ್ಯಕ್ಷರಾದ ರಾಜಲಕ್ಷ್ಮಮ್ಮನವರೇ, ಗೌಡಗೆರೆ ಸುತ್ತಮುತ್ತಲಿನ ಬಂಧುಗಳೇ — ನಾನು ಚಿಕ್ಕನರಸಯ್ಯ, ಸಂಘದ ದೋಣಿ ಓಡಿಸುವವನು. ಮೈಕು ಹಿಡಿದು ಮಾತಾಡಿ ಅಭ್ಯಾಸವಿಲ್ಲ. ನೀರಿನ ಮೇಲೆ ಒಬ್ಬನೇ ಇರುವವನಿಗೆ ಮಾತಾಡಲು ಯಾರಿರುತ್ತಾರೆ? ನನಗೆ ಒಬ್ಬರಿದ್ದರು. ಅವರ ಫೋಟೋಗೆ ಹಾರ ಹಾಕಿ ಇಲ್ಲಿ ಇಟ್ಟಿದ್ದೇವೆ.

ಪೆದ್ದಣ್ಣ ನಮ್ಮ ಸಂಘದ ಮೆಕ್ಯಾನಿಕ್, ಭೀಮಕ್ಕನ ತಮ್ಮ. ಮದುವೆ ಗಿದುವೆ ಅಂತ ಹೋಗಲಿಲ್ಲ. ಕೆರೆ ಏರಿ ಪಕ್ಕದ ಈ ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲೇ ಇದ್ದರು. ಹೋದ ವಾರ ಅಲ್ಲೇ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಕೆರೆ ತುಂಬಿದ ವರ್ಷ ನಿಮಗೆಲ್ಲ ನೆನಪಿದೆ. ಹರಿಗೋಲು ಸಾಲದು ಅಂತ ಸಂಘದಿಂದ ಬ್ಯಾಟರಿ ಮೋಟಾರಿನ ಸಣ್ಣ ದೋಣಿ ತಂದೆವು. ವೈರಿಂಗ್ ಇವರ ಪಾಲಿಗೆ ಬಂತು. ತಮಾಷೆ ಏನೆಂದರೆ — ಈ ಮನುಷ್ಯನಿಗೆ ನೀರು ಕಂಡರೆ ಜೀವ ಹೋಗುತ್ತಿತ್ತು. “ನಮ್ಮೂರ ಕೆರೆಯಾಗೆ ಕ್ರಿಕೆಟ್ ಆಡ್ಕೊಂಡು ಬೆಳೆದೋನು ಕಣ್ಲಾ ನಾನು. ಈಜು ಎಲ್ಲಿಂದ ಬರ್ತದೆ?” ಅನ್ನುತ್ತಿದ್ದರು. ದೋಣಿಯನ್ನು ಏರಿ ಮೇಲೆ ಕಲ್ಲು ಕೊಟ್ಟು ಕೂರಿಸಿ, ಹೊರಗಿನಿಂದಲೇ ಬಗ್ಗಿ ಕೆಲಸ ಮಾಡಿದರು. ನೀರಿಗೆ ಇಳಿಸಿ ನೋಡುವ ದಿನ ಹಗ್ಗದ ಒಂದು ತುದಿ ದೋಣಿಗೆ, ಇನ್ನೊಂದು ತುದಿ — ಹೀಗೆ, ಇಷ್ಟು ಬಿಗಿಯಾಗಿ — ತಮ್ಮ ಮೊಪೆಡ್ಡಿಗೆ ಕಟ್ಟಿದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವರು ನಗಲಿಲ್ಲ.

ಸಾಮಾನು ತರಲು ಶಿರಾಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಮನೆಯಲ್ಲಿ ಒಂದು ಎಂಸಿಬಿ — ಕರೆಂಟು ಹೆಚ್ಚಾದರೆ ತಾನೇ ಬಿದ್ದು ಆಫ್ ಆಗುವ ಬ್ರೇಕರ್ — ಉಳಿದಿದೆ, ಅದನ್ನೇ ಹಾಕಣ್ಣ ಅಂದೆ. “ವದ್ದುರಾ,” ಅಂದರು — ಬೇಡ ಅಂತ, ಅವರ ಕಡೆಯ ತೆಲುಗಿನಲ್ಲಿ. “ಅದು ಕಂಬದ ಕರೆಂಟಿಗೆ ಮಾಡಿರೋದು. ಬ್ಯಾಟರಿ ಕರೆಂಟು ಬ್ಯಾರೆ, ಕಿಡಿ ಹಿಡಿದ್ರೆ ಬುಡಾಕಿಲ್ಲ. ಡಿಸಿ ಅಂತ ಬರೆದಿರೋ ಬ್ರೇಕರ್ರೇ ಬೇಕು.” ಹಾಗಾದರೆ ದೊಡ್ಡದೇ ಹಾಕಿಬಿಡು, ನಡುನೀರಲ್ಲಿ ಸುಮ್ಮಸುಮ್ಮನೆ ಬೀಳದೆ ಇರಲಿ ಅಂದೆ. ಅಂಗಡಿಯವರ ಎದುರೇ ಬೈದರು.

“ಲೇ, ಬ್ರೇಕರ್ ಇರೋದು ವೈರು ಕಾಯಾಕೆ. ಮೋಟಾರು ಐವತ್ತು ಆಂಪ್ಸ್ ಎಳೀತದೆ, ಅದ್ಕೆ ತಕ್ಕಂಗೆ ದಪ್ಪನೆ ವೈರು ಹಾಕಿವ್ನಿ. ಬ್ರೇಕರ್ ಅರವತ್ತು ಸಾಕು. ನೂರು ಹಾಕಿದ್ರೆ ಅದು ಬೀಳೋಕ್ ಮುಂಚೆ ವೈರೇ ಹತ್ಕೊಂಡು ಉರೀತದೆ. ರೋಡಲ್ಲಾದ್ರೆ ಗಾಡಿ ಬುಟ್ಟು ಓಡ್ಬೋದು. ನೀರಾಗೆ ಎಲ್ಲಿಗ್ಲಾ ಓಡ್ತೀಯ?”

ಬ್ರೇಕರನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಕೂರಿಸಿದರು. ಲೈಟಿಗೆ ಬೇರೆ ಸಣ್ಣ ಫ್ಯೂಸು. ದೋಣಿಯೊಳಗೆ ನುಗ್ಗಿದ ನೀರು ಹೊರಹಾಕುವ ಪಂಪಿಗೆ ಮಾತ್ರ ಬ್ಯಾಟರಿಯಿಂದಲೇ ಪ್ರತ್ಯೇಕ ವೈರು, ಅದಕ್ಕೆ ಅದರದೇ ಫ್ಯೂಸು — ಮಿಕ್ಕಿದ್ದೆಲ್ಲ ನಿಂತರೂ ಪಂಪು ನಿಲ್ಲಬಾರದು ಅಂತ. ಪೆಟ್ಟಿಗೆಯ ಮುಚ್ಚಳದ ಒಳಗೆ ಪಂಪಿಗೊಂದು ಸ್ಪೇರ್ ಫ್ಯೂಸನ್ನು ಟೇಪು ಹಾಕಿ ಅಂಟಿಸಿದರು. ಇನ್ನೂ ನಾಲ್ಕು ಕೊಡಣ್ಣ ಅಂದೆ. “ಒಂದು ಸುಟ್ಟೋದ್ರೆ ಇದನ್ನ ಹಾಕು. ಇದೂ ಸುಟ್ಟೋದ್ರೆ ತಪ್ಪು ಫ್ಯೂಸಿಂದಲ್ಲ. ಬಕೆಟ್ನಾಗೆ ನೀರು ತೋಡ್ಕೊಂಡು, ಹುಟ್ಟು ಹಾಕ್ಕೊಂಡು ದಡಕ್ಕೆ ಬಂದ್ಬುಡು,” ಅಂದರು. ಕೊಡಲೇ ಇಲ್ಲ.

ಅವರು ದೋಣಿಯನ್ನು ಒಂದು ದಿನವೂ ಹತ್ತಲಿಲ್ಲ. ಆದರೆ ನಾನು ನೀರಿಗೆ ಇಳಿದ ಪ್ರತಿ ಬೆಳಿಗ್ಗೆ ಏರಿ ಮೇಲೆ ಇರುತ್ತಿದ್ದರು. ತಲೆಗೆ ಟವೆಲ್ ಸುತ್ತಿಕೊಂಡು, ಮೊಪೆಡ್ ಪಕ್ಕದಲ್ಲಿ — ನಿಂತೇ ಇರುತ್ತಿದ್ದರು. ದೋಣಿ ವಾಪಸು ಬರುವ ತನಕ ಕೂರಿ ಅಂದರೂ ಕೂರುತ್ತಿರಲಿಲ್ಲ.

ನಡುನೀರಲ್ಲಿ ಬ್ರೇಕರ್ ಬಿದ್ದರೆ ಫೋನ್ ಮಾಡುತ್ತಿದ್ದೆ. “ತಿರ್ಗಾ ಒತ್ಬೇಡ. ಮೊದ್ಲು ನೀರಾಗೆ ತಿರ್ಗೋ ಫ್ಯಾನ್ ನೋಡು, ಬಲೆ ಸುತ್ಕೊಂಡಿರ್ತದೆ,” ಅನ್ನುವರು. ನೋಡಿದರೆ ಬಲೆಯೇ. ಬಿಡಿಸಿ ಒತ್ತಿದರೆ ಮೋಟಾರು ಓಡುತ್ತಿತ್ತು. ಆಮೇಲೂ ಫೋನ್ ಇಡುತ್ತಿರಲಿಲ್ಲ. ಮೋಡ, ಮುದ್ದೆ, ಭೀಮಕ್ಕ ಕಳಿಸಿದ ಕಡಲೇಕಾಯಿ ಚಟ್ನಿಪುಡಿ — ದಡ ಮುಟ್ಟುವವರೆಗೂ ಮಾತು. ನನಗೆ ಧೈರ್ಯ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಆ ಕೋಣೆಯಲ್ಲಿ ಅವರ ಜೊತೆಗೂ ಮಾತಾಡುವವರು ಯಾರೂ ಇರಲಿಲ್ಲ ಅನ್ನುವುದು ಈಗ, ಖಾಲಿ ಕೋಣೆ ನೋಡಿದ ಮೇಲೆ ಹೊಳೆಯುತ್ತಿದೆ.

ಮೊನ್ನೆ ಅವರಿಲ್ಲದೆ ಮೊದಲ ಸಲ ದೋಣಿ ಇಳಿಸಿದೆ. ನಡುನೀರಲ್ಲಿ ಬ್ರೇಕರ್ ಬಿತ್ತು. ಅಭ್ಯಾಸ ನೋಡಿ — ಕೈ ಅದೇ ನಂಬರ್ ಒತ್ತಿಬಿಟ್ಟಿತು. ಏರಿ ಕಡೆ ತಿರುಗಿದೆ. ಯಾರೂ ಇಲ್ಲ.

ಫೋನು ಭೀಮಕ್ಕ ಎತ್ತಿದರು, ತಮ್ಮನ ಸಾಮಾನು ಜೋಡಿಸುತ್ತ ಅದೇ ಕೋಣೆಯಲ್ಲಿದ್ದರು. “ದೋಣಿ ನಿಂತೋಯ್ತಕ್ಕ,” ಅಂದೆ. “ನಂಗೇನೂ ಗೊತ್ತಿಲ್ಲ ಕಣಪ್ಪ. ನೀನು ಫೋನ್ ಮಾತ್ರ ಇಡ್ಬೇಡ. ದಡಕ್ಕೆ ಬರೋಗಂಟ ಏನಾರ ಮಾತಾಡ್ತಾ ಇರು,” ಅಂದರು. ಅಕ್ಕ — ಫ್ಯಾನಿನಿಂದ ಬಲೆ ಬಿಡಿಸುವಾಗ ನಾನು ಅತ್ತಿದ್ದು ನಿಮಗೆ ಕೇಳಿಸಿರಬೇಕು. ನೀವು ಅತ್ತಿದ್ದು ನನಗೆ ಕೇಳಿಸಿತು.

ಈಗ ಸಂಘದಲ್ಲಿ ಒಂದು ಮಾತು ಓಡಾಡುತ್ತಿದೆ. ಬ್ರೇಕರ್ ಪದೇ ಪದೇ ಬೀಳುತ್ತದೆ, ನೋಡಿಕೊಳ್ಳುವವರೂ ಇಲ್ಲ, ಕಿತ್ತುಹಾಕಿ ಡೈರೆಕ್ಟ್ ಮಾಡಿಸೋಣ ಅಂತ. ಅಧ್ಯಕ್ಷರೇ, ಅದೊಂದು ಬೇಡ. ನಾಳೆಯೂ ಆ ದೋಣಿಯಲ್ಲಿ ಇರುವವನು ನಾನು. ಕಾಯುತ್ತಿದ್ದವರು ಹೋದರು, ಅವರು ಇಟ್ಟುಹೋದ ಕಾವಲನ್ನಾದರೂ ನನಗೆ ಬಿಡಿ.

ಇನ್ನೊಂದು ಕೇಳುವುದಿದೆ, ಹೇಗೆ ಕೇಳಬೇಕೋ ತಿಳಿಯದು. ನನಗೆ ಆ ನೀರಿನ ಮೇಲೆ ಒಬ್ಬನೇ ಇರಲು ಆಗುತ್ತಿಲ್ಲ. ನಾಳೆ ಬೆಳಿಗ್ಗೆ ನಿಮ್ಮಲ್ಲಿ ಯಾರಾದರೂ ಒಬ್ಬರು — ಕೆಲಸ ಏನೂ ಇಲ್ಲ, ಫ್ಯೂಸು ವೈರು ಏನೂ ಗೊತ್ತಿರಬೇಕಿಲ್ಲ — ಏರಿ ಮೇಲೆ ಬಂದು ಕಾಣುವ ಹಾಗೆ ನಿಂತಿದ್ದರೆ ಸಾಕು.

ಪೆದ್ದಣ್ಣ ದೋಣಿ ಬರುವ ತನಕ ನಿಂತವರು. ನಾವು ಅಷ್ಟು ಹೊತ್ತು ನಿಲ್ಲಲಾರೆವು, ಎರಡು ನಿಮಿಷವಾದರೂ ಅವರಿಗಾಗಿ ನಿಲ್ಲೋಣ. ದಯಮಾಡಿ ಎಲ್ಲರೂ ಎದ್ದೇಳಿ, ಮೌನವಾಗಿರಿ. ಮುಖ ಕೆರೆಯ ಕಡೆ ಇರಲಿ.