ಕೆರಿ ಒಂದು, ಕಾರ್ಕ್ ಒಂದು

ಎಕ್ಸ್‌ರೇಗೆಂದು ನೋರೀನಳ ಹೆಸರನ್ನು ಎರಡು ಸಲ ಕೂಗಿದ್ದರು. ಅವಳು ಏಳಲಿಲ್ಲ. ಎದುರಿನ ಬೆಂಚಿನಲ್ಲಿ ಬೀಗಿತ್ತಿಯರಿಬ್ಬರ ಜಗಳ ಅಷ್ಟು ರಂಗೇರಿತ್ತು. ಒಬ್ಬಳು ಐರ್ಲೆಂಡಿನ ಕೆರಿ ಜಿಲ್ಲೆಯವಳು, ಇನ್ನೊಬ್ಬಳು ಪಕ್ಕದ ಕಾರ್ಕ್‌ನವಳು; ಆಟದ ಮೈದಾನದಲ್ಲಿ ಎರಡೂ ಬದ್ಧ ಎದುರಾಳಿಗಳು. ಮೊಮ್ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್, ಎದೆಯಲ್ಲಿ ಕಫ ಕಟ್ಟಿ ಬೆವರೆಲ್ಲ ಉಪ್ಪಾಗುವ ಹುಟ್ಟುಕಾಯಿಲೆ. ಅದರ ಜೀನ್ ಯಾರ ಕಡೆಯಿಂದ ಬಂತೆಂದು ಅಪ್ಪ ಅಮ್ಮನ ರಕ್ತ ಪರೀಕ್ಷೆ ಮಾಡಿಸಿದ್ದರು.

“ಮಗೂಗೆ ಮುತ್ತಿಟ್ರೆ ಬರೀ ಉಪ್ಪು ಕಣ್ರೀ. ನಿಮ್ಮ ಕೆರಿ ಸಮುದ್ರದ್ದೇ ಇರ್ಬೇಕು,” ಎಂದಳು ಕಾರ್ಕ್‌ನವಳು, ಮಗುವಿನ ಅಮ್ಮನ ತಾಯಿ.

“ನಮ್ಮನೇಲಿ ಎಲ್ರೂ ಫುಟ್‌ಬಾಲ್ ಆಡಿದೋರು. ಎದೆ ಅಂದ್ರೆ ಕಬ್ಬಿಣ!” ಎಂದಳು ಕೆರಿಯವಳು, ಮಗುವಿನ ಅಪ್ಪನ ತಾಯಿ.

“ನಮ್ಮೋರೇನು ಹರ್ಲಿಂಗ್ ಆಟದ ಕೋಲು ತಬ್ಕೊಂಡು ನಿದ್ದೆ ಹೊಡೀತಿದ್ರಾ?”

ಅಷ್ಟರಲ್ಲಿ ಮಗುವಿನ ತಾಯಿ ಗ್ರಾನ್ಯಾ ಡಾಕ್ಟರ ಕೋಣೆಯಿಂದ ಹೊರಬಂದಳು.

“ಯಾರದ್ದಂತೆ?” ಇಬ್ಬರೂ ಒಟ್ಟಿಗೇ ಕೇಳಿದರು.

“ಅವನದೊಂದು, ನನ್ನದೊಂದು. ಎರಡೂ ಸೇರಿದ್ರೇನೇ ಈ ಕಾಯಿಲೆ ಬರೋದಂತೆ.”

“ಹಾಗಾದ್ರೆ ಡ್ರಾ!” ಎಂದಳು ಕೆರಿಯವಳು. “ಡ್ರಾ ಆದ್ಮೇಲೆ ಇನ್ನೊಂದ್ಸಲ ಆಡಿಸ್ಬೇಕು.”

“ಆಡಿಸ್ಲೇಬೇಕು!” ಕಾರ್ಕ್‌ನವಳು ಮೊದಲ ಬಾರಿಗೆ ಒಪ್ಪಿದಳು.

ಗ್ರಾನ್ಯಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. “ಆ ಆಟ ಆಗಸ್ಟಿಗಿದೆ,” ಎಂದಳು.

ಬೀಗಿತ್ತಿಯರಿಬ್ಬರೂ ಎದ್ದರು. ಒಬ್ಬಳು ಮಗುವನ್ನು, ಇನ್ನೊಬ್ಬಳು ಚೀಲವನ್ನು ಎತ್ತಿಕೊಂಡಳು. ಲಿಫ್ಟಿನ ಬಾಗಿಲು ಮುಚ್ಚುವಾಗ ಕೆರಿಯವಳ ದನಿ ನೋರೀನಳಿಗೆ ಕೇಳಿಸಿತು:

“ಈ ಸಲ ನಾವಿಬ್ರೂ ಸೋತ್ಬಿಡೋಣ ಕಣ್ರೀ.”